ಎಪಿಎಲ್ ಕಾರ್ಡು ಇದ್ದವರಿಗೆ ಉಚಿತ ವಕೀಲರು ಸಿಗುವುದಿಲ್ಲವೇ?

ಪ್ರಶ್ನೆ: ಮೇಡಂ, ನಮ್ಮದು ಕುಮಟಾ ತಾಲೂಕು, ತದಡಿ ಹತ್ತಿರ. ಅಪ್ಪ ಹೋದ ವರ್ಷ ತೀರಿಕೊಂಡರು. ಅಮ್ಮ ಮೀನು ಮಾರುತ್ತಾರೆ, ಮಗಳು ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ನಾವಿರುವ ಮನೆಯ ಜಾಗ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ಇಲ್ಲ, ಅಜ್ಜಿ ನಮ್ಮ ಜೊತೆಗಿದ್ದಾರೆ. "ನಿಮ್ಮಪ್ಪನ ಪಾಲು ಆಗಲೇ ದುಡ್ಡಾಗಿ ಕೊಟ್ಟಾಗಿದೆ, ಮನೆ ಖಾಲಿ ಮಾಡಿ" ಎಂದು ಚಿಕ್ಕಪ್ಪ ಕುಮಟಾ ಕೋರ್ಟಿನಲ್ಲಿ ದಾವೆ ಹಾಕಿದ್ದಾರೆ. ಸಮನ್ಸ್ ಬಂದು ನಾಲ್ಕು ದಿನವಾಯಿತು. ಪೊಲೀಸರಿಗೂ ಹೇಳುತ್ತೇನೆ ಎಂದು ಹೆದರಿಸುತ್ತಾರೆ. ಊರಿನ ಒಬ್ಬರು, ವಕೀಲರಿಗೆ 25 ಸಾವಿರ ಬೇಕು, ಉಚಿತ ವಕೀಲರು ಬಿಪಿಎಲ್ ಕಾರ್ಡಿನವರಿಗೆ ಮಾತ್ರ ಎಂದರು. ನಮ್ಮದು ಎಪಿಎಲ್ ಕಾರ್ಡು. ಉಚಿತ ವಕೀಲರು ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತಲೂ ಹೇಳುತ್ತಾರೆ. ಇದರ ಮೇಲೆ ಅಪ್ಪ ಇದ್ದಾಗ ಅಮ್ಮ ತೆಗೆದ ಸಂಘದ ಸಾಲಕ್ಕೆ ರಾತ್ರಿ ಎಂಟಕ್ಕೆಲ್ಲ ಮನೆ ಬಾಗಿಲಿಗೆ ಬಂದು ಕೂರುತ್ತಾರೆ. ಏನು ಮಾಡಬೇಕು?

ಉತ್ತರ:

ಮೊದಲು ಕಾರ್ಡಿನ ವಿಷಯ ಮುಗಿಸೋಣ. ನಿಮ್ಮ ಮನೆಯಲ್ಲಿ ಯಾವ ಬಣ್ಣದ ಕಾರ್ಡು ಇದೆ ಎಂದು ಯಾರೂ ಕೇಳುವ ಹಾಗಿಲ್ಲ. ನಿಮ್ಮ ಅಮ್ಮ ಹೆಣ್ಣುಮಗಳು. ಉಚಿತ ವಕೀಲರನ್ನು ಪಡೆಯಲು ಅಷ್ಟೇ ಸಾಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ನೋಡಿ. ಅದರಲ್ಲಿ ಮಹಿಳೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಅಮ್ಮ ದಿನಕ್ಕೆ ಎಷ್ಟು ಬುಟ್ಟಿ ಮೀನು ಮಾರುತ್ತಾರೆ, ಮನೆಗೆ ಹೆಂಚೋ ತಾರಸಿಯೋ, ಯಾವುದೂ ಲೆಕ್ಕಕ್ಕಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಆ ಸಮಯ ನಿಮಗೆ ಬೇರೆ ಕಡೆ ಬೇಕು.

ಈ ತಪ್ಪು ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೂ ಇದೆ, ಘಟ್ಟದ ಮೇಲೂ ಇದೆ. ಬಡವರು ಎಂದು ಮೊದಲು ಸಾಬೀತು ಮಾಡಬೇಕು, ಆಮೇಲೆ ಸಹಾಯ ಎಂದೇ ಹೆಚ್ಚಿನವರು ಅಂದುಕೊಂಡಿದ್ದಾರೆ. ಆದಾಯ ನೋಡುವುದು ಬೇರೆ ಯಾವ ಗುಂಪಿಗೂ ಸೇರದವರಿಗೆ ಮಾತ್ರ. ಕರ್ನಾಟಕದಲ್ಲಿ ಆ ಮಿತಿ ವರ್ಷಕ್ಕೆ 3 ಲಕ್ಷ ರೂಪಾಯಿ. ಅಲ್ಲಿಯೂ ಆದಾಯದ ಬಗ್ಗೆ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕೊಟ್ಟರೆ ಸಾಕು ಎಂದು ಕಾಯ್ದೆಯೇ ಹೇಳುತ್ತದೆ, ಅದನ್ನು ನಂಬದಿರಲು ಕಾರಣ ಇದ್ದರೆ ಮಾತ್ರ ವಿಚಾರಿಸಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪೊಲೀಸರ ವಶದಲ್ಲೋ ಜೈಲಿನಲ್ಲೋ ಇರುವವರು, ಇವರಿಗೂ ಆದಾಯದ ಪ್ರಶ್ನೆ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಹಾಗಾಗಿ ಅವರ ಗಂಡಸರಿಗೂ ನೇರ ಅರ್ಹತೆ. ಹಾಲಕ್ಕಿಗಳು, ಜೋಯಿಡಾದ ಕುಣಬಿಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಪಟ್ಟಿಗೆ ಸೇರಿಲ್ಲ, ಅವರ ಗಂಡಸರು ಆದಾಯದ ದಾರಿಯಲ್ಲೇ ಬರಬೇಕು. ಇನ್ನೊಂದು ಗುಂಪಿದೆ. ಪ್ರವಾಹ, ಗುಡ್ಡ ಕುಸಿತದಂಥ ವಿಪತ್ತಿಗೆ ಸಿಕ್ಕವರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅಂಥ ಘಟನೆಯಲ್ಲಿ ಮನೆ, ಜನ ಕಳೆದುಕೊಂಡವರು ಪರಿಹಾರಕ್ಕಾಗಿ ಕಾನೂನು ನೆರವು ಕೇಳಿದರೆ ಸಂಬಳದ ಚೀಟಿ ತೋರಿಸಬೇಕಾಗಿಲ್ಲ.

ಈಗ ನಿಮ್ಮ ಸಮನ್ಸು. ನಿಜವಾದ ಅವಸರ ಇರುವುದು ಇಲ್ಲಿ.

ಸಮನ್ಸ್ ಕೈಗೆ ಬಂದ ತಾರೀಖನ್ನು ಲಕೋಟೆಯ ಮೇಲೆ ಪೆನ್ನಿನಿಂದ ಬರೆದಿಡಿ. ಆ ದಿನದಿಂದ 30 ದಿನದೊಳಗೆ ನಿಮ್ಮ ಕಡೆಯ ಲಿಖಿತ ಹೇಳಿಕೆ ಕೋರ್ಟಿಗೆ ಹೋಗಬೇಕು. ಕಾರಣ ಇದ್ದರೆ ಕೋರ್ಟು 90 ದಿನದವರೆಗೆ ಸಮಯ ಕೊಡಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಸಮನ್ಸಿನಲ್ಲಿ ಹಾಜರಾಗಬೇಕಾದ ತಾರೀಖು ಬೇರೆ ಇರುತ್ತದೆ. ಆ ದಿನ ನಿಮ್ಮ ಕಡೆಯಿಂದ ಯಾರೂ ಹೋಗದಿದ್ದರೆ ಕೋರ್ಟು ನಿಮ್ಮನ್ನು ಎಕ್ಸ್‌ಪಾರ್ಟಿ ಎಂದು ಇಟ್ಟು ಚಿಕ್ಕಪ್ಪನ ಮಾತು ಮಾತ್ರ ಕೇಳಿ ಮುಂದುವರಿಯಬಹುದು. ನನ್ನ ಅನುಭವದಲ್ಲಿ ಬಡವರು ಕೇಸು ಸೋಲುವುದು ಹೆಚ್ಚಾಗಿ ಹೀಗೇ. ಕಾನೂನು ಅವರ ಕಡೆಗೇ ಇರುತ್ತದೆ, ಅವರು ಮಾತ್ರ ಆ ದಿನ ಕೋರ್ಟಿನಲ್ಲಿ ಇರುವುದಿಲ್ಲ. ಸಮನ್ಸ್ ತಂದ ಅಮೀನರನ್ನು "ನಾವು ತಗೊಳ್ಳುವುದಿಲ್ಲ" ಎಂದು ವಾಪಸ್ ಕಳಿಸುವವರೂ ಇದ್ದಾರೆ. ಅದರಿಂದ ಕೇಸು ನಿಲ್ಲುವುದಿಲ್ಲ. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಕೋರ್ಟು ಅದನ್ನು ಜಾರಿ ಆದಂತೆಯೇ ಪರಿಗಣಿಸಬಹುದು. ನಿಮ್ಮಮ್ಮ ತೆಗೆದುಕೊಂಡದ್ದು ಒಳ್ಳೆಯದೇ ಆಯಿತು.

ಸಮನ್ಸಿನ ಜೊತೆ ದಾವೆಯ ಪ್ರತಿ ಇರುತ್ತದೆ. ಅದನ್ನು ಪೂರ್ತಿ ಓದಿ, ಮುಖ್ಯವಾಗಿ ಎರಡು ಕಡೆ. ಪ್ರತಿವಾದಿಗಳು ಯಾರು ಯಾರು ಎಂದು ಮೊದಲ ಪುಟದಲ್ಲಿರುತ್ತದೆ. ನಿಮ್ಮ ಹೆಸರೂ, ಅಜ್ಜಿಯ ಹೆಸರೂ ಇದೆಯೇ ನೋಡಿ. ಇದ್ದರೆ ನೀವು ಮೂವರೂ ನೆರವಿಗೆ ಅರ್ಜಿ ಕೊಡಬಹುದು, ಮೂವರೂ ಹೆಂಗಸರೇ ಅಲ್ವಾ. ಕೊನೆಯಲ್ಲಿ ಐ.ಎ. ಎಂದು ಬರೆದ ಬೇರೆ ಅರ್ಜಿ ಇದೆಯೇ ನೋಡಿ. ಅದು ತಾತ್ಕಾಲಿಕ ತಡೆಯಾಜ್ಞೆಗೆ ಹಾಕಿದ ಅರ್ಜಿ ಆಗಿರಬಹುದು. ಇದ್ದರೆ ವಕೀಲರಿಗೆ ಮೊದಲು ಅದನ್ನೇ ತೋರಿಸಿ. ಅದರ ತೀರ್ಮಾನ ಮುಖ್ಯ ಕೇಸಿಗಿಂತ ಎಷ್ಟೋ ಮೊದಲು ಆಗಿಬಿಡುತ್ತದೆ, ಅದಕ್ಕೆ ಆಕ್ಷೇಪಣೆ ಬೇಗ ಹಾಕಬೇಕು.

ಅರ್ಜಿ ಕೊಡಲು ಕಾರವಾರಕ್ಕೆ ಹೋಗಬೇಕಾಗಿಲ್ಲ. ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಜಿಲ್ಲಾ ಪ್ರಧಾನ ನ್ಯಾಯಾಧೀಶರು ಅದರ ಅಧ್ಯಕ್ಷರು. ತಾಲೂಕು ಮಟ್ಟದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ನಿಮ್ಮದು ಕುಮಟಾದ ಕೇಸು, ಹಾಗಾಗಿ ಕುಮಟಾ ಕೋರ್ಟಿನ ಆವರಣಕ್ಕೇ ಹೋಗಿ. ಬೋರ್ಡು ಕಾಣದಿದ್ದರೆ ಕೋರ್ಟ್ ಕಚೇರಿಯಲ್ಲಿ "ಲೀಗಲ್ ಏಡ್ ಎಲ್ಲಿ" ಎಂದು ಕೇಳಿ, ತೋರಿಸುತ್ತಾರೆ. ಹೋಗಲು ಆಗದ ದಿನ 15100 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಆದರೂ ತಾರೀಖು ಹತ್ತಿರ ಇರುವಾಗ ಖುದ್ದಾಗಿ ಹೋಗುವುದೇ ಮೇಲು.

ಅರ್ಜಿ ಅಂದರೆ ದೊಡ್ಡ ಕಡತ ಏನಲ್ಲ. ಹೆಸರು, ವಿಳಾಸ, ಯಾವ ಕೋರ್ಟು, ಕೇಸಿನ ನಂಬರು, ಎದುರು ಪಕ್ಷದವರು ಯಾರು, ಏನು ಸಹಾಯ ಬೇಕು, ಅಷ್ಟೇ. ಅಮ್ಮನಿಗೆ ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಅಲ್ಲಿನ ಸಿಬ್ಬಂದಿಯೋ ಪ್ಯಾರಾ ಲೀಗಲ್ ಸ್ವಯಂಸೇವಕರೋ ಬರೆದುಕೊಳ್ಳಬೇಕು, ಅಮ್ಮ ಹೆಬ್ಬೆಟ್ಟು ಒತ್ತಿದರಾಯಿತು. ಆಧಾರ್ ಪ್ರತಿ, ಸಮನ್ಸ್ ಮತ್ತು ದಾವೆಯ ಪ್ರತಿ ಲಗತ್ತಿಸಿ. ಇದೇ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ಈ ಸೀಲನ್ನು ಮಾತ್ರ ಮರೆಯಬೇಡಿ. ಅರ್ಜಿ ಬಂದ 7 ದಿನದೊಳಗೆ ತೀರ್ಮಾನ ಮಾಡಬೇಕೆಂಬ ನಿಯಮ ಇದೆ. ಅಷ್ಟರೊಳಗೆ ಕೋರ್ಟಿನ ತಾರೀಖು ಬಂದುಬಿಟ್ಟರೆ ನೀವೇ ಅಮ್ಮನ ಜೊತೆ 11 ಗಂಟೆಗೆ ಮುಂಚೆ ಹೋಗಿ ಕೂತಿರಿ. ಹೆಸರು ಕೂಗಿದಾಗ ಎದ್ದು ಮುಂದೆ ಹೋಗಿ, "ಲೀಗಲ್ ಏಡ್‌ಗೆ ಅರ್ಜಿ ಕೊಟ್ಟಿದ್ದೇವೆ, ಸಮಯ ಬೇಕು" ಎಂದು ಹೇಳಿ ಸೀಲು ಬಿದ್ದ ಪ್ರತಿ ತೋರಿಸಿ. ಕನ್ನಡದಲ್ಲೇ ಹೇಳಿ. ಕೈ ನಡುಗಿದರೂ ಪರವಾಗಿಲ್ಲ, ನ್ಯಾಯಾಧೀಶರು ದಿನಾ ನೋಡುವುದೇ ಅದು.

ಉಚಿತ ವಕೀಲರು ಕೆಲಸ ಮಾಡುವುದಿಲ್ಲ ಎಂಬ ಮಾತಿಗೆ ಬರುತ್ತೇನೆ. ಇದನ್ನು ಸುಮ್ನೆ ತಳ್ಳಿಹಾಕಲಾರೆ. ಪ್ಯಾನೆಲ್ಲಿನಲ್ಲಿ, ಅಂದರೆ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ, ಬಹಳ ಒಳ್ಳೆಯ ವಕೀಲರಿದ್ದಾರೆ. ದುಡ್ಡು ಕೊಟ್ಟ ಕಕ್ಷಿದಾರರ ಕೇಸು ಮೊದಲು, ಲೀಗಲ್ ಏಡ್ ಆಮೇಲೆ ಎನ್ನುವವರೂ ಇದ್ದಾರೆ. ಪ್ರಾಧಿಕಾರ ಕೊಡುವ ಸಂಭಾವನೆ ಕಡಿಮೆ, ಅದೂ ನಿಜ. ಆದರೆ 25 ಸಾವಿರ ಕೊಟ್ಟರೆ ಚೆನ್ನಾಗಿ ನಡೆಸುತ್ತಾರೆ ಎಂಬ ಗ್ಯಾರಂಟಿಯೂ ಇಲ್ಲ. ವ್ಯತ್ಯಾಸ ಒಂದೇ. ಇಲ್ಲಿ ಕೇಸು ನಿಂತರೆ ದೂರು ಹೇಳಲು ಒಂದು ಜಾಗ ಇದೆ.

ನೇಮಕ ಆದ ಮೇಲೆ ಒಂದು ಪತ್ರ ಬರುತ್ತದೆ, ಅದರಲ್ಲಿ ವಕೀಲರ ಹೆಸರಿರುತ್ತದೆ. ವಕೀಲರ ಶುಲ್ಕ, ಕೋರ್ಟ್ ಫೀ, ಟೈಪಿಂಗ್, ದೃಢೀಕೃತ ನಕಲು, ಸಾಕ್ಷಿಯ ಖರ್ಚು, ಇವೆಲ್ಲ ಪ್ರಾಧಿಕಾರದ ಹೊಣೆ. ವಕೀಲರು ನಿಮ್ಮಿಂದ ಒಂದು ರೂಪಾಯಿಯೂ ಪಡೆಯುವ ಹಾಗಿಲ್ಲ. "ಟೈಪಿಂಗಿಗೆ ಐನೂರು", "ಆಫೀಸಿನವರಿಗೆ ಸಾವಿರ" ಎಂದರೆ ಕೊಡಬೇಡಿ. ಆ ತಾಲೂಕು ಸಮಿತಿಯ ಅಧ್ಯಕ್ಷರಿಗೆ, ಅಂದರೆ ಅಲ್ಲಿನ ನ್ಯಾಯಾಧೀಶರಿಗೇ, ಒಂದು ಪುಟ ಬರೆದುಕೊಡಿ. ಅಲ್ಲಿ ಆಗದಿದ್ದರೆ ಕಾರವಾರದ ಪ್ರಾಧಿಕಾರಕ್ಕೆ. ಕಾರಣ ಹೇಳಿ ವಕೀಲರನ್ನು ಬದಲಿಸಿ ಎಂದೂ ಕೇಳಬಹುದು. ಆದರೆ ಒಂದು ತಾರೀಖಿಗೆ ಮುಂದೂಡಿದ ಮಾತ್ರಕ್ಕೆ ಕೇಳಬೇಡಿ, ಮುಂದೂಡುವುದು ಕೋರ್ಟಿನಲ್ಲಿ ಇದ್ದದ್ದೇ.

ಕೇಸು ನಡೆಯುತ್ತಿದೆಯೋ ಇಲ್ಲವೋ ಎಂದು ನೀವೇ ನೋಡಬಹುದು. ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿ ಸೇರಿದ ಸಿಎನ್ಆರ್ ನಂಬರು ಇರುತ್ತದೆ. ಅದನ್ನು ಹಾಕಿದರೆ ಹಿಂದಿನ ತಾರೀಖಿಗೆ ಏನಾಯಿತು, ಮುಂದಿನ ತಾರೀಖು ಯಾವುದು, ಕೇಸು ಯಾವ ಹಂತದಲ್ಲಿದೆ ಎಲ್ಲ ಬರುತ್ತದೆ. ಹಂತ ಎನ್ನುವ ಕಡೆ ಲಿಖಿತ ಹೇಳಿಕೆಗೆ ಎಂದೇ ಎರಡು ಮೂರು ತಾರೀಖು ದಾಟಿದರೆ ವಕೀಲರ ಹತ್ತಿರ ಹೋಗಿ ವಿಚಾರಿಸಿ. ಹೀಗೆ ಬೆನ್ನು ಹತ್ತುವ ಕಕ್ಷಿದಾರರ ಕೇಸನ್ನು ಯಾವ ವಕೀಲರೂ ಮೂಲೆಗೆ ಹಾಕುವುದಿಲ್ಲ. ನಾನೂ ವಕೀಲೆಯೇ, ಗೊತ್ತಿದ್ದೇ ಹೇಳುತ್ತಿದ್ದೇನೆ.

ಮನೆಯ ಹಕ್ಕಿನ ಬಗ್ಗೆ ಕಾಗದ ನೋಡದೆ ಪೂರ್ತಿ ಹೇಳಲಾಗದು, ಆದರೂ ನಿಮಗೆ ಧೈರ್ಯ ಬರುವಷ್ಟು ಹೇಳಬಹುದು. ನಿಮ್ಮದು ಹಿಂದೂ ಕುಟುಂಬ ಎಂದುಕೊಂಡು ಬರೆಯುತ್ತಿದ್ದೇನೆ, ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ನಿಯಮ. ಜಾಗ ಅಜ್ಜ ಸಂಪಾದಿಸಿದ್ದು, ಅವರು ವಿಲ್ ಬರೆದಿಲ್ಲ ಎಂದಾದರೆ ಅಜ್ಜಿ, ಅಪ್ಪ, ಚಿಕ್ಕಪ್ಪ, ಅತ್ತೆಯಂದಿರು ಇದ್ದರೆ ಅವರೂ ಸೇರಿ ಎಲ್ಲರಿಗೂ ಸಮಪಾಲು. ಅಪ್ಪನ ಪಾಲು ಅವರು ತೀರಿಕೊಂಡ ಮೇಲೆ ಅಮ್ಮನಿಗೆ, ನಿಮಗೆ, ಅಜ್ಜಿಗೆ ಸಮವಾಗಿ ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಮೊದಲ ವರ್ಗದ ವಾರಸುದಾರರು. ತಮ್ಮನಾದವನು ಎರಡನೇ ವರ್ಗ. ಮೊದಲ ವರ್ಗದವರು ಒಬ್ಬರಿದ್ದರೂ ಅವನಿಗೆ ಅಣ್ಣನ ಪಾಲಿನಲ್ಲಿ ಏನೂ ಇಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕ ಬೇರೆ ಆಗುತ್ತದೆ, ಅಮ್ಮನ ಮತ್ತು ನಿಮ್ಮ ಪಾಲು ಇಲ್ಲವಾಗುವುದಿಲ್ಲ.

"ಪಾಲು ದುಡ್ಡಾಗಿ ಕೊಟ್ಟಿದ್ದೇನೆ" ಎನ್ನುವುದು ಚಿಕ್ಕಪ್ಪನ ಮಾತು. ಕೊಟ್ಟಿದ್ದರೆ ಅದನ್ನು ರುಜುವಾತು ಮಾಡುವ ಹೊಣೆಯೂ ಅವರದೇ. ಯಾವಾಗ, ಎಷ್ಟು, ಯಾರ ಎದುರು, ಬರವಣಿಗೆ ಎಲ್ಲಿ ಎಂದು ಕೋರ್ಟು ಕೇಳುತ್ತದೆ. ಅಪ್ಪ ಇನ್ನಿಲ್ಲವಾದ್ದರಿಂದ ಇಂಥ ಮಾತು ಹೇಳುವುದು ಸುಲಭ. ಹಾಗಾಗಿ ನಿಮ್ಮ ಕಡೆಯ ಕಾಗದ ಗಟ್ಟಿ ಇರಲಿ. ಪಹಣಿ, ಪಂಚಾಯತಿಯ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್, ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಪ್ಪ ಮನೆ ರಿಪೇರಿ ಮಾಡಿಸಿದ ಚೀಟಿ ಏನಾದರೂ ಇದ್ದರೆ ಅದೂ. ಲಿಖಿತ ಹೇಳಿಕೆಯ ಜೊತೆಗೇ "ನಮ್ಮ ಪಾಲು ನಮಗೆ ಬೇರೆ ಮಾಡಿಕೊಡಿ" ಎಂದು ಪ್ರತಿದಾವೆ ಹಾಕಬಹುದೇ ಎಂದು ವಕೀಲರನ್ನು ಕೇಳಿ. ಅದಕ್ಕೆ ಕೋರ್ಟ್ ಫೀ ಬೀಳುತ್ತದೆ. ಜನ ಅಲ್ಲೇ ಹಿಂದೆ ಸರಿಯುವುದು. ನೆರವಿನಲ್ಲಿ ಬಂದವರಿಗೆ ಆ ಹೆದರಿಕೆ ಇಲ್ಲ.

ಕೇಸು ಮುಗಿಯುವವರೆಗೆ ಮನೆಯಲ್ಲಿ ಇರುವ ಹಕ್ಕಿನ ಮಾತು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡ ಹೊಡೆದರೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದರ 17ನೇ ಕಲಂ ಹೆಣ್ಣುಮಕ್ಕಳಿಗೆ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಗಂಡ ಸತ್ತ ಮೇಲೂ ಆ ಹಕ್ಕು ಹೋಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ. ಚಿಕ್ಕಪ್ಪ ಕರೆಂಟ್ ಕಡಿಸಿದರೆ, ಬಾವಿಗೆ ಬೀಗ ಹಾಕಿದರೆ, ಸಾಮಾನು ಹೊರಗೆ ಎಸೆದರೆ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಸಿಡಿಪಿಒ ಈ ಕಾಯ್ದೆಯ ರಕ್ಷಣಾಧಿಕಾರಿ ಕೂಡ.

ಪೊಲೀಸರ ಹೆದರಿಕೆ ಬೇಡ. ಆಸ್ತಿ ಜಗಳದಲ್ಲಿ ಮನೆ ಖಾಲಿ ಮಾಡಿಸುವ ಅಧಿಕಾರ ಠಾಣೆಗೆ ಇಲ್ಲ, ಅದು ಕೋರ್ಟಿನ ಕೆಲಸ. ಸಾಕ್ಷಿಯಾಗಿ ವಿಚಾರಿಸಬೇಕಾದರೂ ಹೆಂಗಸರನ್ನು ಠಾಣೆಗೆ ಬನ್ನಿ ಎಂದು ಒತ್ತಾಯಿಸುವ ಹಾಗಿಲ್ಲ, ಅವರಿರುವಲ್ಲಿಗೇ ಬಂದು ಕೇಳಬೇಕು.

ಊರಿನ ಹಿರಿಯರು ಕೂತು ರಾಜಿ ಮಾಡಿಸುತ್ತೇವೆ ಎಂದು ಬರುತ್ತಾರೆ, ಬಂದೇ ಬರುತ್ತಾರೆ. ರಾಜಿ ತಪ್ಪಲ್ಲ. ಚಿಕ್ಕಪ್ಪನ ಮುಖ ನಾಳೆಯೂ ನೋಡಬೇಕಲ್ಲ. ಆದರೆ "ಹಕ್ಕು ಬಿಡುಗಡೆ ಪತ್ರ" ಎಂಬ ಕಾಗದಕ್ಕೆ ಅಮ್ಮನೂ ಅಜ್ಜಿಯೂ ವಕೀಲರಿಗೆ ತೋರಿಸದೆ ಸಹಿ, ಹೆಬ್ಬೆಟ್ಟು ಹಾಕಕೂಡದು. ಅಜ್ಜಿಯ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಅವರ ಪಾಲೇ ಎಲ್ಲರಿಗಿಂತ ದೊಡ್ಡದಾಗುತ್ತದೆ, ಗಂಡನ ಕಡೆಯಿಂದಲೂ ಮಗನ ಕಡೆಯಿಂದಲೂ. ಅವರನ್ನು "ಪೆನ್ಷನ್ ಕಾಗದ" ಎಂದು ಹೇಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಒಪ್ಪುವ ಮೊದಲು ಒಂದು ದಿನ ಯೋಚಿಸಲು ಸಮಯ ಕೇಳಿ, ಯಾರೂ ಇಲ್ಲ ಎನ್ನುವ ಹಾಗಿಲ್ಲ. ಹಾಗೆಯೇ ಇಲ್ಲಿ ಸೋತು ಅಪೀಲಿಗೆ ಹೋಗಬೇಕಾದರೂ ನೆರವು ಸಿಗುತ್ತದೆ. ಹೈಕೋರ್ಟ್ ವರೆಗೆ ಹೋದರೆ ನಮ್ಮ ಜಿಲ್ಲೆಗೆ ಧಾರವಾಡ ಪೀಠ, ಅಲ್ಲಿಯೂ ಕಾನೂನು ಸೇವಾ ಸಮಿತಿ ಇದೆ.

ಸಾಲದ ವಿಷಯ. ಮೊದಲು ಸಾಲದ ಕಾರ್ಡು, ಪಾಸ್‌ಬುಕ್ ತೆಗೆದು ಕೊಟ್ಟವರು ಯಾರು ಎಂದು ನೋಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಮೈಕ್ರೋ ಫೈನಾನ್ಸ್ ಕಂಪನಿಯಾದರೆ ಆರ್‌ಬಿಐ ನಿಯಮ ಅವರಿಗೆ ಅನ್ವಯಿಸುತ್ತದೆ. ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಒಂದು ಜಾಗದಲ್ಲಿ, ಅಂದರೆ ನಿಮ್ಮ ಸಂಘ ಸೇರುವ ಜಾಗದಲ್ಲಿ. ಸತತ ಎರಡು ಬಾರಿ ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಿ ಕಾಡುವುದನ್ನು ನಿಯಮ ನೇರವಾಗಿ ಕಿರುಕುಳ ಎಂದೇ ಕರೆಯುತ್ತದೆ. ಹಾಗಿರುವಾಗ ರಾತ್ರಿ ಎಂಟಕ್ಕೆ ಬಾಗಿಲಲ್ಲಿ ಕೂರುವುದು ಎಲ್ಲಿಯ ನ್ಯಾಯ? ಸಂಬಂಧಿಕರಿಗೆ, ಅಕ್ಕಪಕ್ಕದವರಿಗೆ ಕಾಟ ಕೊಡುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು, ಬೈಯುವುದು ಎಲ್ಲ ನಿಷಿದ್ಧ. ಮುಂದಿನ ಸಲ ಬಂದಾಗ ಫೋನಿನಲ್ಲಿ ವಿಡಿಯೋ ಮಾಡಿ, ಗೋಡೆಯ ಗಡಿಯಾರವೂ ಕಾಣಲಿ. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು. ಹೇಗೆ ಎಂದು ತಿಳಿಯಲು 14448ಕ್ಕೆ ಫೋನ್ ಮಾಡಿ. ಕೊಟ್ಟವರು ಯಾವ ನೋಂದಣಿಯೂ ಇಲ್ಲದ ಬಡ್ಡಿ ವ್ಯವಹಾರದವರಾದರೆ ಪೊಲೀಸರ ಹತ್ತಿರವೇ ಹೋಗಿ. 2025ರಲ್ಲಿ ಕರ್ನಾಟಕ ತಂದ ಕಿರುಸಾಲ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಆದರೆ ನೀವು ಗಮನಿಸದೇ ಇರಬಹುದಾದ ಒಂದು ವಿಷಯ ಇದೆ. ಇಂಥ ಸಾಲ ಕೊಡುವಾಗ ಸಾಮಾನ್ಯವಾಗಿ ಮೊದಲೇ ವಿಮೆಯ ಹಣ ಹಿಡಿದುಕೊಳ್ಳುತ್ತಾರೆ, ಎಷ್ಟೋ ಸಲ ಸಾಲ ತೆಗೆದವರ ಜೊತೆಗೆ ಗಂಡನ ಹೆಸರನ್ನೂ ಸೇರಿಸಿರುತ್ತಾರೆ. ಅಪ್ಪ ತೀರಿಕೊಂಡಾಗ ಸಾಲ ಚಾಲ್ತಿಯಲ್ಲಿತ್ತು ಎಂದಿರಿ. ಕಾರ್ಡಿನಲ್ಲಿ "ವಿಮಾ ಕಂತು" ಎಂಬ ಸಾಲು ಇದೆಯೇ, ಅದರಲ್ಲಿ ಅಪ್ಪನ ಹೆಸರಿದೆಯೇ ಹುಡುಕಿ. ಇದ್ದರೆ ಉಳಿದ ಸಾಲ ವಿಮೆಯಿಂದಲೇ ತೀರಬೇಕಿತ್ತು, ಇಷ್ಟು ದಿನ ಕಟ್ಟಿಸಿಕೊಂಡ ಕಂತಿನ ಲೆಕ್ಕವನ್ನೂ ಕೇಳಬಹುದು. ಮರಣ ಪ್ರಮಾಣಪತ್ರದ ಪ್ರತಿ ಇಟ್ಟು ಕಂಪನಿಯ ಶಾಖೆಗೆ ಬರವಣಿಗೆಯಲ್ಲಿ ಕ್ಲೇಮು ಕೊಡಿ, ಬಾಯಿಮಾತು ಬೇಡ. ಅದಕ್ಕೂ ಸೀಲು ಹಾಕಿಸಿಕೊಳ್ಳಿ. ಶಾಖೆಯವರು ತಗೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಆ ರಸೀದಿಯನ್ನು ಕೋರ್ಟಿನ ಕಾಗದಗಳ ಫೈಲಿಗೆ ಸೇರಿಸದೆ ಬೇರೆ ಇಡಿ.